ಸೂಜಿಚಿಕಿತ್ಸೆಗೆ ಶಾಸ್ತ್ರ ಬರೆದ ರೋಗಿ

ಆಕ್ಯುಪಂಕ್ಚರ್ ಎಂಬ ಸೂಜಿಚಿಕಿತ್ಸೆಗೆ ಕ್ರಮಬದ್ಧವಾದ ಗ್ರಂಥವನ್ನು ಕೊಟ್ಟಾತ ಸ್ವತಃ ರೋಗಿಯಾಗಿ ಬಳಲಿದವನು. ಆತನೇ ಚೀನಾ ದೇಶದ ವಿದ್ವಾಂಸ ಹುವಾಂಗ್‌ಫೂ ಮೀ.

ಈತನ ಜನನ ಕ್ರಿ.ಶ. 215ರಲ್ಲಿ, ವಾಯವ್ಯ ಚೀನಾದ ಆನ್‌ದಿಂಗ್ ಸೀಮೆಯಲ್ಲಿ. ಹೆಸರಾಂತ ಸೇನಾನಿಗಳ ವಂಶವಾದರೂ ಆಗ ಮನೆಯಲ್ಲಿ ಬಡತನ. ಚಿಕ್ಕಪ್ಪನಿಗೆ ದತ್ತುಹೋಗಿ ಬೆಳೆದ. ಇಪ್ಪತ್ತು ವರ್ಷವಾದರೂ ಓದಿನ ಕಡೆ ಮನಸ್ಸಿಲ್ಲ. ಊರು ಅಲೆಯುವುದೇ ಕೆಲಸ. ಒಮ್ಮೆ ಎಲ್ಲಿಂದಲೋ ಹಣ್ಣು ತಂದು, ಸಾಕಿದ ಚಿಕ್ಕಮ್ಮನ ಮುಂದಿಟ್ಟ. ವಿದ್ಯೆಯಿಲ್ಲದ ಮಗ ದಿನವೂ ಮೃಷ್ಟಾನ್ನ ಉಣಿಸಿದರೂ ತನಗೆ ನೆಮ್ಮದಿಯಿಲ್ಲವೆಂದು ಆಕೆ ಕಣ್ಣೀರಿಟ್ಟಳು. ಅದು ಅವನ ಮನಸ್ಸಿಗೆ ನಾಟಿತು. ಅಂದಿನಿಂದ ಗುರುವೊಬ್ಬರ ಬಳಿ ಪಾಠಕ್ಕೆ ಕುಳಿತ. ಹೊಲದ ಕೆಲಸಕ್ಕೆ ಹೋಗುವಾಗಲೂ ಕೈಯಲ್ಲಿ ಪುಸ್ತಕವಿರುತ್ತಿತ್ತು.

ನಡುವಯಸ್ಸಿನಲ್ಲಿ ವಾತರೋಗ ತಗಲಿ ಅರ್ಧ ದೇಹ ಸ್ವಾಧೀನ ತಪ್ಪಿತು. ಆ ಕಾಲದಲ್ಲಿ ಬಹಳ ಪ್ರಚಾರದಲ್ಲಿದ್ದ ಖನಿಜಗಳ ಪುಡಿಯೊಂದನ್ನು ಸೇವಿಸಿದ. ಗುಣವಾಗುವ ಬದಲು ತಾಳಲಾರದ ಮೈಯುರಿ ಬಂದಿತು; ಕೊರೆಯುವ ಚಳಿಯಲ್ಲೂ ಬರಿಮೈಯಲ್ಲಿ ಮಂಜುಗಡ್ಡೆ ತಿನ್ನಬೇಕಾಯಿತು. ಬೇಸತ್ತು ಜೀವ ಬಿಡಹೊರಟಾಗ ಬುದ್ಧಿ ಹೇಳಿ ತಡೆದವಳು ಅದೇ ಚಿಕ್ಕಮ್ಮ.

ರೋಗವೇ ಆತನನ್ನು ವೈದ್ಯಶಾಸ್ತ್ರದತ್ತ ತಿರುಗಿಸಿತು. ಸೂಜಿ ಚುಚ್ಚುವ ಹಾಗೂ ಮಾಚಿಪತ್ರೆ ಜಾತಿಯ ಒಣ ಎಲೆ ಉರಿಸಿ ಶಾಖ ಕೊಡುವ ಚಿಕಿತ್ಸೆಗಳ ವಿಷಯ ಮೂರು ಹಳೆಯ ಗ್ರಂಥಗಳಲ್ಲಿ ಚದರಿಹೋಗಿತ್ತು. ಅವನ್ನು ಹೋಲಿಸಿ, ಪುನರುಕ್ತಿಗಳನ್ನು ತೆಗೆದು, 12 ಸಂಪುಟ, 128 ಅಧ್ಯಾಯಗಳ 'ಝೆನ್‌ಜಿಯು ಜಿಯಾಯಿ ಜಿಂಗ್' ರಚಿಸಿದ. ದೇಹದ 349 ಬಿಂದುಗಳು ಎಲ್ಲೆಲ್ಲಿವೆ, ಸೂಜಿ ಎಷ್ಟು ಆಳ ಇಳಿಯಬೇಕು, ಎಲ್ಲಿ ಚುಚ್ಚಕೂಡದು ಎಂಬುದೆಲ್ಲ ಅದರಲ್ಲಿದೆ.

ಜಿನ್ ವಂಶದ ಚಕ್ರವರ್ತಿ ವೂ ಪದೇ ಪದೇ ಆಸ್ಥಾನಕ್ಕೆ ಕರೆದರೂ ಈತ ಹೋಗಲಿಲ್ಲ. ಪದವಿಯ ಬದಲು ಓದಲು ಪುಸ್ತಕಗಳನ್ನು ಬೇಡಿದ. ಚಕ್ರವರ್ತಿ ಒಂದು ಗಾಡಿ ತುಂಬ ಗ್ರಂಥಗಳನ್ನು ಕಳುಹಿಸಿಕೊಟ್ಟ. 282ರಲ್ಲಿ ಮೃತನಾದ ಈತ, ತನ್ನ ಶವಸಂಸ್ಕಾರದಲ್ಲಿ ಆಡಂಬರ ಬೇಡ, ಮಾತಾಪಿತೃಭಕ್ತಿಯ ಗ್ರಂಥವೊಂದು ಮಾತ್ರ ಜೊತೆಗಿರಲಿ ಎಂದು ಬರೆದಿಟ್ಟಿದ್ದ.

701ರಲ್ಲಿ ಜಪಾನಿನ ರಾಜಶಾಸನವು ಆತನ ಗ್ರಂಥವನ್ನು ವೈದ್ಯ ವಿದ್ಯಾರ್ಥಿಗಳಿಗೆ ಪಠ್ಯವಾಗಿ ವಿಧಿಸಿತು. 2010ರಲ್ಲಿ ಯುನೆಸ್ಕೊ ಸಂಸ್ಥೆಯು ಚೀನಾದ ಸೂಜಿಚಿಕಿತ್ಸೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಸೂಜಿಯ ಬದಲು ಬೆರಳಿನಿಂದ ಬಿಂದುಗಳನ್ನು ಒತ್ತುವ ಆಕ್ಯುಪ್ರೆಷರ್ ಕೂಡ ಇಂದು ಬಳಕೆಯಲ್ಲಿದೆ. ಹಳೆಯ ನೋವು, ವಾಕರಿಕೆ ಮುಂತಾದವುಗಳಲ್ಲಿ ಇವು ಪೂರಕ ಚಿಕಿತ್ಸೆಗಳೇ ಹೊರತು ವೈದ್ಯರು ಕೊಟ್ಟ ಔಷಧಿಗೆ ಬದಲಿಯಲ್ಲ. ಜನಪ್ರಿಯವೆಂದು ನಂಬಿ ಪುಡಿ ನುಂಗಿ ನರಳಿದ ಆ ವಿದ್ವಾಂಸನ ಬಾಳು ನಮಗೆ ಕೊಡುವ ಎಚ್ಚರಿಕೆಯೂ ಅದೇ.