ಬ್ಯಾಟು ಕೆಳಗಿಟ್ಟ ದಿನ

1934ರ ಸೆಪ್ಟೆಂಬರ್. ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಎಲ್ಲರ ಬಾಯಲ್ಲೂ ಬೇಸ್‌ಬಾಲ್ ಮಾತೇ. ಊರಿನ ಟೈಗರ್ಸ್ ತಂಡ 1909ರ ನಂತರ ಮೊದಲ ಬಾರಿಗೆ ತನ್ನ ಲೀಗಿನ ಪ್ರಶಸ್ತಿಗೆ ಹತ್ತಿರವಾಗಿತ್ತು. ತಂಡದ ಬಲ ಹ್ಯಾಂಕ್ ಗ್ರೀನ್‌ಬರ್ಗ್ ಎಂಬ 23 ವರ್ಷದ ಯೆಹೂದ್ಯ ಯುವಕ. ರುಮೇನಿಯಾದಿಂದ ವಲಸೆ ಬಂದ ತಂದೆತಾಯಿಗೆ 1911ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವರು. ಚೆಂಡನ್ನು ಮೈದಾನದ ಬೇಲಿಯಾಚೆ ಅಟ್ಟುವುದರಲ್ಲಿ ನಿಸ್ಸೀಮರು. ಅಂಥ ಹೊಡೆತವೇ ಹೋಮ್ ರನ್. ನಮ್ಮ ಕ್ರಿಕೆಟ್ಟಿನ ಸಿಕ್ಸರ್ ಇದ್ದಂತೆ.

ಆ ತಿಂಗಳೇ ಯೆಹೂದ್ಯರ ಹಬ್ಬಗಳು ಬಂದವು. ಹೊಸವರ್ಷದ ದಿನ ಆಡಬಹುದೇ? ಹ್ಯಾಂಕ್ ಬಹಳ ತೊಳಲಾಡಿ ಕೊನೆಗೆ ಆಡಿದರು. ಎರಡು ಹೋಮ್ ರನ್ ಹೊಡೆದರು. ತಂಡ 2-1ರಿಂದ ಗೆದ್ದಿತು. ಆದರೆ ಕೆಲವೇ ದಿನಗಳಲ್ಲಿ ಬಂದದ್ದು ಯೋಮ್ ಕಿಪ್ಪುರ್, ಯಾಜಕಕಾಂಡದಲ್ಲಿ ನಾವು ಓದುವ ದೋಷಪರಿಹಾರದ ದಿನ. ಅಂದು ಹ್ಯಾಂಕ್ ಮೈದಾನಕ್ಕೆ ಹೋಗಲಿಲ್ಲ, ಪ್ರಾರ್ಥನಾಮಂದಿರಕ್ಕೆ ಹೋದರು. ಅವರು ಒಳಗೆ ಕಾಲಿಡುತ್ತಲೇ ಜನ ಚಪ್ಪಾಳೆ ತಟ್ಟಿದರು, ಅವರಿಗೋ ಮುಜುಗರ. ಅಂದಿನ ಆಟದಲ್ಲಿ ತಂಡ ಸೋತಿತು, ಆದರೂ ಲೀಗ್ ಪ್ರಶಸ್ತಿ ಕೈತಪ್ಪಲಿಲ್ಲ. ಹ್ಯಾಂಕ್ ಅಂಥ ಕಟ್ಟುನಿಟ್ಟಿನ ಧರ್ಮಿಷ್ಠರೇನೂ ಆಗಿರಲಿಲ್ಲ ಎಂಬುದನ್ನು ನಾವು ಮರೆಯಬಾರದು. ತಂದೆತಾಯಿಯ ಮನಸ್ಸು, ತನ್ನ ಜನರ ಮಾನ ಅವರ ಕಣ್ಣಮುಂದಿದ್ದವು.

ಆ ಮಾನಕ್ಕೆ ದಿನವೂ ಪೆಟ್ಟು ಬೀಳುತ್ತಿತ್ತು. ಎದುರಾಳಿ ಆಟಗಾರರೂ ಪ್ರೇಕ್ಷಕರೂ ಅವರ ಕುಲ ಹಿಡಿದು ಬೈಯುತ್ತಿದ್ದರು. ಕಥೋಲಿಕರಾದ ನಮಗೆ ಇನ್ನೂ ನೋವಿನ ಸಂಗತಿಯೊಂದಿದೆ. ಡೆಟ್ರಾಯಿಟ್ ಪಕ್ಕದ ರಾಯಲ್ ಓಕ್‌ನ ವಿಚಾರಣಾ ಗುರು ಚಾರ್ಲ್ಸ್ ಕಾಫ್ಲಿನ್ ಅವರ ರೇಡಿಯೋ ಭಾಷಣಗಳನ್ನು ಲಕ್ಷಾಂತರ ಜನ ಕೇಳುತ್ತಿದ್ದರು. 1938ರ ಹೊತ್ತಿಗೆ ಆ ಭಾಷಣಗಳಲ್ಲಿ ಯೆಹೂದ್ಯರ ಮೇಲಿನ ದ್ವೇಷ ಬಹಿರಂಗವಾಗಿತ್ತು. 1942ರಲ್ಲಷ್ಟೇ ಅವರ ಬಾಯಿಗೆ ಬೀಗ ಬಿತ್ತು. ಯೆಹೂದ್ಯ ದ್ವೇಷವನ್ನು ದ್ವಿತೀಯ ವ್ಯಾಟಿಕನ್ ಮಹಾಸಭೆ ಸ್ಪಷ್ಟ ಮಾತುಗಳಲ್ಲಿ ಖಂಡಿಸಿದ್ದು 1965ರಲ್ಲಿ.

ಅದೇ 1938ರಲ್ಲಿ ಹ್ಯಾಂಕ್ 58 ಹೋಮ್ ರನ್ ಹೊಡೆದರು. ಬೇಬ್ ರೂತ್ ಅವರ 60ರ ದಾಖಲೆಗೆ ಎರಡೇ ಕಡಿಮೆ. ಯೆಹೂದ್ಯನೊಬ್ಬ ದಾಖಲೆ ಮುರಿಯಬಾರದೆಂದೇ ಎದುರಾಳಿಗಳು ಸರಿಯಾದ ಚೆಂಡು ಎಸೆಯಲಿಲ್ಲ ಎಂದು ಕೆಲವರು ಆಡಿಕೊಂಡರು. ಹ್ಯಾಂಕ್ ಅದನ್ನು ಒಪ್ಪಲಿಲ್ಲ. ದೊಡ್ಡ ಗುಣ!

1941ರಲ್ಲಿ ಸೇನೆ ಸೇರಿ, ಡಿಸೆಂಬರ್ 5ರಂದು ವಯಸ್ಸಿನ ಕಾರಣಕ್ಕೆ ಬಿಡುಗಡೆಯಾದರು. ಎರಡೇ ದಿನಕ್ಕೆ ಪರ್ಲ್ ಹಾರ್ಬರ್ ಮೇಲೆ ದಾಳಿ ನಡೆಯಿತು. ತಾವಾಗಿಯೇ ಮತ್ತೆ ಸೇರಿದರು. ಚೀನಾ, ಬರ್ಮಾ, ಭಾರತವನ್ನೊಳಗೊಂಡ ಯುದ್ಧವಲಯದಲ್ಲಿ ಸೇವೆ ಸಲ್ಲಿಸಿದರು. ಆಟಗಾರನ ಬಾಳಿನಲ್ಲಿ ನಾಲ್ಕು ವರ್ಷ ಅಂದರೆ ಸಣ್ಣ ತ್ಯಾಗವಲ್ಲ. 1945ರ ಜುಲೈ 1ರಂದು ಮರಳಿ ಆಡಿದ ಮೊದಲ ಪಂದ್ಯದಲ್ಲೇ ಹೋಮ್ ರನ್ ಹೊಡೆದರು!

1947ರಲ್ಲಿ, ಪಿಟ್ಸ್‌ಬರ್ಗ್ ತಂಡದಲ್ಲಿ, ಅವರ ಕೊನೆಯ ವರ್ಷ. ಆಗಷ್ಟೇ ದೊಡ್ಡ ಲೀಗಿಗೆ ಬಂದಿದ್ದ ಕಪ್ಪು ಜನಾಂಗದ ಜಾಕಿ ರಾಬಿನ್ಸನ್ ಮೇಲೆ ಎಲ್ಲ ಕಡೆಯಿಂದ ಬೈಗುಳದ ಮಳೆ. ಒಂದು ಪಂದ್ಯದಲ್ಲಿ ಇಬ್ಬರೂ ಡಿಕ್ಕಿ ಹೊಡೆದುಕೊಂಡರು. ಆಮೇಲೆ ಹ್ಯಾಂಕ್ ಆ ಯುವಕನಿಗೆ ಪೆಟ್ಟಾಯಿತೇ ಎಂದು ವಿಚಾರಿಸಿ, ಎದೆಗುಂದಬೇಡವೆಂದು ಧೈರ್ಯ ತುಂಬಿದರು. ಒಟ್ಟು 331 ಹೋಮ್ ರನ್‌ಗಳೊಂದಿಗೆ ಆಟ ಮುಗಿಸಿದ ಹ್ಯಾಂಕ್ 1986ರಲ್ಲಿ ತೀರಿಕೊಂಡರು. ಅವರು ಕೊಟ್ಟ ಆ ಧೈರ್ಯವನ್ನು ರಾಬಿನ್ಸನ್ ಪತ್ರಕರ್ತರ ಮುಂದೆ ಮನಸಾರೆ ಹೊಗಳಿದ್ದರು.