ವಿಟ್‌ವರ್ತನೂ ಕೋವಿಯ ನಳಿಗೆಯೂ

ಕೋವಿಯ ನಳಿಗೆಯನ್ನು ಬಿಚ್ಚುವುದಾಗಲಿ, ಹೊಸದೊಂದನ್ನು ಕೂಡಿಸುವುದಾಗಲಿ ನಿಂತಿರುವುದು ತಿರುಪಿನ ಕೆಲವು ಎಳೆಗಳ ಮೇಲೆ. ಎಳೆ ಸಡಿಲವಾದರೆ ಮದ್ದಿನ ರಭಸ ಹಿಂದಕ್ಕೆ, ಹಿಡಿದವನ ಮುಖಕ್ಕೇ ನುಗ್ಗೀತು. ಈ ಎಳೆಗೂ ನಳಿಗೆಗೂ ತನ್ನ ಬಾಳನ್ನು ತೆತ್ತವನು ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅವನ ಹೆಸರನ್ನು ತಿರುಪಿನ ಅಳತೆಯಾಗಿ ಬಲ್ಲರು. ಮನುಷ್ಯನಾಗಿ ಬಲ್ಲವರು ವಿರಳ.

1803ರಲ್ಲಿ ಸ್ಟಾಕ್‌ಪೋರ್ಟಿನ ಉಪಾಧ್ಯಾಯರೊಬ್ಬರ ಮಗನಾಗಿ ಹುಟ್ಟಿದ ಅವನು ಲಂಡನ್ನಿನಲ್ಲಿ ಹೆನ್ರಿ ಮಾಡ್‌ಸ್ಲೆಯ ಕಾರ್ಖಾನೆಯಲ್ಲಿ ಕೈ ಪಳಗಿಸಿಕೊಂಡು, 1833ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸ್ವಂತ ಕಾರ್ಯಾಗಾರವನ್ನು ತೆರೆದನು. ಆಗ ಪ್ರತಿಯೊಂದು ಕಾರ್ಖಾನೆಗೂ ತನ್ನದೇ ತಿರುಪು. ಒಂದೆಡೆಯ ನಟ್ಟು ಇನ್ನೊಂದೆಡೆಯ ಬೋಲ್ಟಿಗೆ ಹೊಂದದು. ವಿಟ್‌ವರ್ತನು ನಾನಾ ಕಾರ್ಖಾನೆಗಳ ಬೋಲ್ಟುಗಳನ್ನು ತರಿಸಿ, ಅಳೆದು, ಸರಾಸರಿ ತೆಗೆದು, 1841ರಲ್ಲಿ 55 ಡಿಗ್ರಿ ಕೋನದ ಎಳೆಯೊಂದನ್ನು ಮುಂದಿಟ್ಟನು. ಯಾರದನ್ನೂ ತಳ್ಳಿಹಾಕದೆ ಎಲ್ಲರ ನಡುವಿನದನ್ನು ಆರಿಸಿದ್ದು ನನಗೆ ಅವನ ಜಾಣ್ಮೆಗಿಂತ ವಿವೇಕವನ್ನೇ ಹೆಚ್ಚು ತೋರಿಸುತ್ತದೆ.

1854ರಲ್ಲಿ ಎನ್‌ಫೀಲ್ಡ್ ಕೋವಿಗೆ ಬೇಕಾದ ಯಂತ್ರಗಳಿಗಾಗಿ ಸರಕಾರ ಅವನ ಬಳಿಗೆ ಬಂದಿತು. ನಳಿಗೆ ಹೇಗಿರಬೇಕೆಂಬುದೇ ತಿಳಿಯದೆ ಯಂತ್ರ ಕಟ್ಟಲು ಅವನು ಒಪ್ಪಲಿಲ್ಲ. ಸರಕಾರದ ವೆಚ್ಚದಲ್ಲಿ ಅವನ ಮನೆಯ ಆವರಣದಲ್ಲಿ 500 ಗಜದ ಮುಚ್ಚುಮನೆಯೊಂದು ಎದ್ದಿತು. ಗುಂಡಿನ ಹಾದಿಯನ್ನು ಅಲ್ಲಿ ಅಳೆದನು. ಎನ್‌ಫೀಲ್ಡಿನ ನಳಿಗೆಯೊಳಗಿನ ಸುರುಳಿಗೆರೆ 78 ಅಂಗುಲಕ್ಕೆ ಒಂದು ಸುತ್ತು, ರಂಧ್ರ .577 ಅಂಗುಲ. ವಿಟ್‌ವರ್ತನು ರಂಧ್ರವನ್ನು .451ಕ್ಕೆ ಇಳಿಸಿ, ಅದನ್ನು ಆರು ಮೂಲೆಯದಾಗಿಸಿ, 20 ಅಂಗುಲಕ್ಕೆ ಒಂದು ಸುತ್ತು ಕೊಟ್ಟನು. 1857ರ ಪರೀಕ್ಷೆಯಲ್ಲಿ 1400 ಗಜದಲ್ಲಿ ಎನ್‌ಫೀಲ್ಡ್ ಗುರಿಯನ್ನು ಮುಟ್ಟಲೇ ಇಲ್ಲ. ವಿಟ್‌ವರ್ತನ ಕೋವಿ ಮುಟ್ಟಿತು. 1860ರಲ್ಲಿ ವಿಂಬಲ್ಡನ್ನಿನಲ್ಲಿ ವಿಕ್ಟೋರಿಯ ರಾಣಿ ದಾರವೆಳೆದು ಹಾರಿಸಿದ ಗುಂಡು 400 ಗಜದಾಚೆಯ ಗುರಿಯ ನಡುವಿನಿಂದ ಒಂದೂಕಾಲು ಅಂಗುಲದಷ್ಟೇ ತಪ್ಪಿತು.

ಆದರೂ ಸೈನ್ಯವು ಅದನ್ನು ಒಲ್ಲೆನೆಂದಿತು. ಕಿರಿದಾದ ನಳಿಗೆ ಮಸಿಯಿಂದ ಬೇಗ ಕಟ್ಟಿಕೊಳ್ಳುತ್ತಿತ್ತು, ಬೆಲೆಯೂ ಹೆಚ್ಚು. ಈ ತೀರ್ಪು ಅನ್ಯಾಯವೆಂದು ಬರೆದವರಿದ್ದಾರೆ, ನಾನು ಹಾಗೆನ್ನಲಾರೆ. ಕೆಸರಿನಲ್ಲಿ ನಿಂತ ಸಿಪಾಯಿಗೆ ಪ್ರಯೋಗಶಾಲೆಯ ಬಿಡುವು ಎಲ್ಲಿಯದು? ತವರಿನಲ್ಲಿ ಬೇಡವಾದ ಕೋವಿ ಕಡಲು ದಾಟಿ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರ ಗುರಿಕಾರರ ಕೈ ಸೇರಿತು. 1864ರ ಮೇ 9ರಂದು ಸ್ಪಾಟ್‌ಸಿಲ್ವೇನಿಯದಲ್ಲಿ ಉತ್ತರದ ಸೇನಾನಿ ಜಾನ್ ಸೆಡ್ಜ್‌ವಿಕ್‌ನನ್ನು ಬಹುದೂರದಿಂದ ಬಂದು ಕೆಡವಿದ ಗುಂಡು ಇಂಥ ನಳಿಗೆಯದೇ ಎಂಬ ನಂಬಿಕೆಯಿದೆ.

ನಾಲ್ಕು ವರ್ಷಗಳ ತರುವಾಯ ವಿಟ್‌ವರ್ತನು ಯಂತ್ರವಿದ್ಯೆ ಕಲಿಯುವ ಯುವಕರಿಗೆ ವರ್ಷಕ್ಕೆ 100 ಪೌಂಡಿನಂತೆ 30 ವಿದ್ಯಾರ್ಥಿವೇತನಗಳನ್ನು ಏರ್ಪಡಿಸಿದನು. ಮಕ್ಕಳಿಲ್ಲದ ಅವನು 1887ರಲ್ಲಿ ಮಾಂಟೆ ಕಾರ್ಲೋದಲ್ಲಿ ತೀರಿಕೊಂಡನು. ಅವನು ಬಿಟ್ಟುಹೋದ ಹಣದಿಂದ ಮ್ಯಾಂಚೆಸ್ಟರಿನಲ್ಲಿ ಚಿತ್ರಶಾಲೆಯೊಂದು ಎದ್ದಿತು.