ಹೆರಿಗೆ ರಜೆಯ ಸಂಬಳ ಯಾರು ಕೊಡಬೇಕು? ಅಂಬೇಡ್ಕರ್ ವಾದದ ಮರೆತ ಅರ್ಧ

ಪ್ರತಿ ಏಪ್ರಿಲ್ 14ಕ್ಕೆ ನಮ್ಮ ಮೊಬೈಲ್‌ಗಳಿಗೆ ಒಂದು ಪೋಸ್ಟರ್ ಬಂದೇ ಬರುತ್ತೆ. ಈ ದೇಶದ ಹೆಣ್ಣುಮಕ್ಕಳಿಗೆ ಹೆರಿಗೆ ರಜೆ ಕೊಡಿಸಿದ್ದು ಬಾಬಾಸಾಹೇಬರು ಅಂತ. ಮಾತು ಸುಳ್ಳಲ್ಲ, ಆದರೆ ಅರ್ಧ. ರಜೆ ಬೇಕು ಅಂದಿದ್ದರ ಜೊತೆಗೇ ಅವರು ಇನ್ನೊಂದು ಪ್ರಶ್ನೆಗೂ ಉತ್ತರ ಕೊಟ್ಟಿದ್ದರು: ಆ ದಿನಗಳ ಹಣ ಯಾರು ಕೊಡಬೇಕು? ಪೋಸ್ಟರ್‌ಗಳು ಬಿಟ್ಟುಬಿಡುವ ಈ ಎಳೆಯನ್ನೇ ಹಿಡಿದು ಅವರ ಬದುಕನ್ನು ಇಲ್ಲಿ ಹೇಳುತ್ತೇನೆ.

1891ರಲ್ಲಿ ಮಹೂ ದಂಡುಪ್ರದೇಶದಲ್ಲಿ ಹುಟ್ಟಿದ ಭೀಮರಾವ್, ಸುಬೇದಾರ್ ರಾಮ್‌ಜಿ ಮತ್ತು ಭೀಮಾಬಾಯಿ ದಂಪತಿಯ 14ನೇ ಮಗು. ಒಡಹುಟ್ಟಿದವರಲ್ಲಿ ಹೆಚ್ಚಿನವರು ಬದುಕಲಿಲ್ಲ. ಭೀಮರಾವ್ ಇನ್ನೂ ಚಿಕ್ಕವರಿರುವಾಗಲೇ ತಾಯಿಯೂ ತೀರಿಹೋದರು. ಮುಂದೆ ಕೊಲಂಬಿಯಾ, ಲಂಡನ್‌ಗಳಲ್ಲಿ ಓದಿ ಬಂದ ಮೇಲೂ ಮನೆಯ ಕಥೆ ಬದಲಾಗಲಿಲ್ಲ. ಅವರಿಗೂ ರಮಾಬಾಯಿ ಅವರಿಗೂ ಹುಟ್ಟಿದ ಐವರು ಮಕ್ಕಳಲ್ಲಿ ಉಳಿದದ್ದು ಯಶವಂತ ಒಬ್ಬರೇ. ಕಡೆಯ ಮಗ ರಾಜರತ್ನ 1926ರಲ್ಲಿ ತೀರಿಕೊಂಡ. ಈ ಸಾವುಗಳಿಂದಲೇ ಅವರ ರಾಜಕೀಯ ಹುಟ್ಟಿತು ಅಂತ ನಾನು ಹೇಳಲಾರೆ. ಆದರೆ ತಾಯಿ ಮಗುವಿನ ಆರೋಗ್ಯ ಅವರಿಗೆ ಬರೀ ಪುಸ್ತಕದ ವಿಷಯ ಆಗಿರಲಿಲ್ಲ ಅನ್ನೋದಂತೂ ಸ್ಪಷ್ಟ. ಅವರು ಇದ್ದದ್ದೂ ಮುಂಬೈನ ಪರೇಲ್‌ನಲ್ಲಿ, ಗಿರಣಿ ಕಾರ್ಮಿಕರ ನಡುವಿನ ಒಂದು ಚಾಳ್‌ನಲ್ಲಿ.

1927ರಲ್ಲಿ ಅವರು ನಾಮಕರಣ ಸದಸ್ಯರಾಗಿ ಮುಂಬೈ ಶಾಸನ ಪರಿಷತ್ತು ಪ್ರವೇಶಿಸಿದರು. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರಗಳೆಲ್ಲ ಆಗ ಅದೇ ಪ್ರಾಂತ್ಯದಲ್ಲಿದ್ದವು. 1919ರಲ್ಲೇ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹೆರಿಗೆ ರಕ್ಷಣೆಯ ಒಪ್ಪಂದ ಮಾಡಿತ್ತು. 1924ರಲ್ಲಿ ಕಾರ್ಮಿಕ ನಾಯಕ ಎನ್.ಎಂ. ಜೋಶಿ ಕೇಂದ್ರ ಶಾಸನಸಭೆಯಲ್ಲಿ ಮಂಡಿಸಿದ ಮಸೂದೆಗೆ ಸೋಲಾಗಿತ್ತು. ಮುಂಬೈ ಪರಿಷತ್ತಿಗೆ ಅಂಥದ್ದೇ ಮಸೂದೆ ಬಂದಾಗ, 1928ರ ಜುಲೈ 28ರಂದು, ಅಂಬೇಡ್ಕರ್ ಅದರ ಪರವಾಗಿ ಮಾತಾಡಿದರು. ಮಸೂದೆ ಅವರದ್ದಲ್ಲ, ಇನ್ನೊಬ್ಬ ಸದಸ್ಯರದ್ದು. ಊರಿನ ಗಿರಣಿಗಳಲ್ಲಿ ಆಗ ತಿಂಗಳುಗಟ್ಟಲೆ ಮುಷ್ಕರ ನಡೀತಿತ್ತು.

ಅವರ ವಾದ ಎರಡು ಕಾಲಿನದ್ದು. ಹೆರಿಗೆಗೆ ಮುಂಚೆ ಮತ್ತು ನಂತರ ತಾಯಿಗೆ ವಿಶ್ರಾಂತಿ ಸಿಗುವುದು ಇಡೀ ದೇಶದ ಹಿತ, ಹಾಗಾಗಿ ಖರ್ಚಿನ ದೊಡ್ಡ ಪಾಲು ಸರ್ಕಾರದ್ದು ಅನ್ನೋದು ಮೊದಲನೆಯದು. ಹಾಗಂತ ಮಾಲೀಕರು ಕೈತೊಳೆದುಕೊಳ್ಳುವಂತಿಲ್ಲ. ಕೆಲವು ಕೆಲಸಗಳಿಗೆ ಅವರು ಗಂಡಸರನ್ನು ಬಿಟ್ಟು ಹೆಂಗಸರನ್ನು ತೆಗೆದುಕೊಳ್ಳುವುದೇ ಅದರಲ್ಲಿ ಹೆಚ್ಚು ಲಾಭ ಇದೆ ಅಂತ. ಲಾಭ ಪಡೆದವರು ಪಾಲು ಕೊಡಲಿ ಅನ್ನೋದು ಎರಡನೆಯದು.

1929ರಲ್ಲಿ ಮುಂಬೈ ಹೆರಿಗೆ ಭತ್ಯೆ ಕಾಯ್ದೆ ಬಂತು. ದೇಶದಲ್ಲಿ ಅಂಥ ಮೊದಲ ಕಾನೂನು ಅದು. ಆದರೆ ಹಣ ಕೊಡುವ ಹೊಣೆ ಮಾಲೀಕರೊಬ್ಬರ ಮೇಲೇ ಬಿತ್ತು. ಅಂಬೇಡ್ಕರ್ ವಾದದ ಮೊದಲ ಕಾಲು ಅಲ್ಲೇ ಮುರಿಯಿತು.

1942ರಿಂದ 1946ರವರೆಗೆ ಅವರು ವೈಸ್‌ರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದರು. ಗಣಿ ಕಾರ್ಮಿಕರಿಗಾಗಿ 1941ರಲ್ಲಿ ಬಂದಿದ್ದ ಹೆರಿಗೆ ಭತ್ಯೆ ಕಾಯ್ದೆಯಲ್ಲಿ, ಹೆರಿಗೆಗೆ ಮುಂಚಿನ ವಾರಗಳಲ್ಲಿ ಯಾವ ದಿನಗಳಿಗೆ ಹಣ ಸಿಗಬೇಕು ಅನ್ನೋದು ಅಸ್ಪಷ್ಟವಾಗಿತ್ತು. 1943ರಲ್ಲಿ ಅದನ್ನು ಸರಿಪಡಿಸುವ ತಿದ್ದುಪಡಿ ತಂದರು. ಸಣ್ಣ ಕೆಲಸ ಅನ್ನಿಸಬಹುದು. ಆದರೆ ಕೂಲಿಯವಳ ಪಾಲಿಗೆ ಕಾಯ್ದೆಯ ಒಂದು ಪದ ಅಂದರೆ ಒಂದು ವಾರದ ಊಟ.

ಅದೇ ವರ್ಷದ ಇನ್ನೊಂದು ಸಂಗತಿಯನ್ನೂ ಮುಚ್ಚಿಡಬಾರದು. ಯುದ್ಧಕಾಲದ ಕಲ್ಲಿದ್ದಲ ಕೊರತೆಯ ಕಾರಣ ಕೊಟ್ಟು, ಗಣಿಯೊಳಗೆ ಹೆಂಗಸರು ಇಳಿಯುವುದಕ್ಕೆ ಇದ್ದ ನಿಷೇಧವನ್ನು ಸರ್ಕಾರ ಸಡಿಲಿಸಿತು. ಮಹಿಳಾ ಸಂಘಟನೆಗಳು ಪ್ರತಿಭಟಿಸಿದವು. ಸರ್ಕಾರದ ಪರವಾಗಿ ಉತ್ತರ ಕೊಡಬೇಕಾದ ಜಾಗದಲ್ಲಿ ಅಂಬೇಡ್ಕರ್ ಇದ್ದರು. ನೆಲದಡಿ ದುಡಿಯುವ ಹೆಂಗಸರ ಹೆರಿಗೆ ಭತ್ಯೆಯನ್ನು 1945ರಲ್ಲಿ ಹೆಚ್ಚಿಸಲಾಯಿತು, 1946ರಲ್ಲಿ ನಿಷೇಧ ಮತ್ತೆ ಬಂತು. ಅಧಿಕಾರದೊಳಗೆ ಕೂತು ಕೆಲಸ ಮಾಡುವವರಿಗೆ ಇಂಥ ಇಕ್ಕಟ್ಟು ತಪ್ಪಿದ್ದಲ್ಲ. ಅವರನ್ನು ದೇವರ ಪಟ ಮಾಡಿದರೆ ಈ ಪಾಠ ನಮಗೆ ಸಿಗಲ್ಲ.

ಆಮೇಲೆ ಸಂವಿಧಾನ. ಅದರ 42ನೇ ವಿಧಿ ಹೆರಿಗೆ ಸೌಲಭ್ಯದ ವ್ಯವಸ್ಥೆ ಮಾಡಬೇಕಾದ್ದು ಪ್ರಭುತ್ವ ಅಂತ ಹೇಳುತ್ತೆ. ನನಗೆ ಇಲ್ಲಿ 1928ರ ವಾದದ ದನಿ ಕೇಳಿಸುತ್ತೆ. ಆದರೆ ಅದು ನಿರ್ದೇಶಕ ತತ್ವ, ಹೆಸರು ಹಿಡಿದು ಕೋರ್ಟಿಗೆ ಹೋಗುವಂತಿಲ್ಲ. 1956ರ ಡಿಸೆಂಬರ್ 6ರಂದು ಅಂಬೇಡ್ಕರ್ ತೀರಿಕೊಂಡರು. ಹೆರಿಗೆ ಸೌಲಭ್ಯಗಳ ರಾಷ್ಟ್ರೀಯ ಕಾಯ್ದೆ ಬಂದದ್ದು 1961ರಲ್ಲಿ.

ಆ ಕಾಯ್ದೆಯ ನಿಯಮ ಎಲ್ಲರಿಗೂ ಗೊತ್ತಿರಬೇಕು. ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ದುಡಿದಿದ್ದರೆ ಹಕ್ಕು ಸಿಗುತ್ತೆ. ರಜೆಗೆ ಮುಂಚಿನ ಮೂರು ತಿಂಗಳ ಸರಾಸರಿ ದಿನಗೂಲಿಯೇ ಲೆಕ್ಕ. ಹೆರಿಗೆಗೆ ಮುಂಚಿನ ಅವಧಿಯ ಹಣವನ್ನು, ಗರ್ಭಿಣಿ ಅನ್ನೋ ದಾಖಲೆ ಕೊಟ್ಟಾಗ, ಮುಂಗಡವಾಗಿ ಕೊಡಬೇಕು. ಉಳಿದದ್ದನ್ನು ಮಗು ಹುಟ್ಟಿದ ದಾಖಲೆ ಕೊಟ್ಟ 48 ಗಂಟೆಯೊಳಗೆ. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ. ವಾಪಸ್ ಕೆಲಸಕ್ಕೆ ಬಂದ ಮೇಲೆ ನೋಡೋಣ ಅನ್ನೋ ಮಾಲೀಕರಿಗೆ ಇದನ್ನು ತೋರಿಸಿ.

2017ರಲ್ಲಿ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಇಎಸ್‌ಐ ವಿಮೆ ಇರುವ ಕಡೆ ವಂತಿಗೆಯ ನಿಧಿಯಿಂದ ಹಣ ಬರುತ್ತೆ, ಉಳಿದ ಕಡೆ ಪೂರ್ತಿ ಸಂಬಳ ಮಾಲೀಕರದ್ದೇ. ಹೀಗಾಗಿ ಮದುವೆಯ ವಯಸ್ಸಿನ ಹೆಣ್ಣುಮಗಳು ಸಂದರ್ಶನಕ್ಕೆ ಬಂದರೆ ಕೆಲವರ ಕಣ್ಣಿಗೆ ಮೊದಲು ಕಾಣೋದು ಖರ್ಚು. ಇನ್ನು ಮನೆಗೆಲಸ, ಹೊಲದ ಕೂಲಿ ಮಾಡುವವರಿಗೆ ಸಂಬಳ ಕೊಡುವ ಮಾಲೀಕರೇ ಇಲ್ಲ. 2013ರ ಆಹಾರ ಭದ್ರತಾ ಕಾಯ್ದೆ ಕನಿಷ್ಠ 6,000 ರೂಪಾಯಿ ಅಂದಿತ್ತು. ಮಾತೃ ವಂದನಾ ಯೋಜನೆ ಮೊದಲ ಮಗುವಿಗೆ ಕೊಡುವುದು 5,000, ಅದೂ ಕಂತಿನಲ್ಲಿ.

ಸರ್ಕಾರವೂ ಹೊರೆ ಹೊರಲಿ ಅಂತ 1928ರಲ್ಲೇ ಹೇಳಿದ್ದು ಇದಕ್ಕೇ ಅಲ್ವಾ? ಸಾರ್ವಜನಿಕ ನಿಧಿಯಿಂದ ಹಣ ಬಂದರೆ ಹೆಣ್ಣನ್ನು ಕೆಲಸಕ್ಕೆ ತೆಗೆದುಕೊಳ್ಳುವುದು ನಷ್ಟ ಅನ್ನಿಸಲ್ಲ, ಮಾಲೀಕರಿಲ್ಲದ ಕೂಲಿಯವಳೂ ಹೊರಗೆ ಉಳಿಯಲ್ಲ. ಬಜೆಟ್ ಬಂದಾಗ, ವೋಟು ಕೇಳಲು ಬಂದಾಗ ನಾವು ಕೇಳಬೇಕಾದದ್ದು ಅವರ ವಾದದ ಈ ಮರೆತ ಅರ್ಧವನ್ನು.